ಒಮ್ಮೆ ಕಟ್ಟುವ ಹಲ್ಲು, ದಿನವೂ ಕಟ್ಟುವ ಒಸಡು

(ಬೆಳಗಾವಿಯಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಪ್ರೌಢಶಾಲೆಯ ಶಿಕ್ಷಕರು ಕೂಡಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಮಾತಿನ ಭರದಲ್ಲಿ ಹಿಂದೆ ಮುಂದೆ ಆದದ್ದನ್ನು ಅಷ್ಟಿಷ್ಟು ಸರಿಪಡಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಹಿರಿಯರೆ, ಶಿಕ್ಷಕ ಬಂಧುಗಳೆ, ಅಕ್ಕ-ತಂಗಿಯರೆ,

ನನ್ನ ದವಾಖಾನೆಗೆ ಬರುವವರಲ್ಲಿ ಹಲವರು ಕುರ್ಚಿಯ ಮೇಲೆ ಒರಗುವ ಮೊದಲೇ ಕಿಸೆಯಿಂದ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಯೊಂದನ್ನು ತೆಗೆದು ತೋರಿಸುತ್ತಾರೆ. "ಹಲ್ಲು ತಿಕ್ಕುವಾಗ ರಕ್ತ ಬರ್ತದ್ರಿ ಡಾಕ್ಟ್ರ, ವಿಟಮಿನ್ ಕಡಿಮಿ ಆಗೇದಂತ ಅಂಗಡ್ಯಾಗ ಇವನ್ನ ಕೊಟ್ರು, ತಿಂಗಳಾತು, ನಿಲ್ಲವಲ್ದು" ಎಂಬುದು ಅವರ ದೂರು. ಇನ್ನು ಕೆಲವು ತಾಯಂದಿರು ಹತ್ತು ವರ್ಷದ ಮಗನ ಹುಳುಕು ಹಲ್ಲನ್ನು ತೋರಿಸಿ, ಯಾವ ಟಾನಿಕ್ ಕುಡಿಸಿದರೆ ಅದು ಮತ್ತೆ ಬೆಳ್ಳಗೆ, ಗಟ್ಟಿಯಾಗಿ ಬರುತ್ತದೆ ಎಂದು ಕೇಳುತ್ತಾರೆ. ಎರಡು ಪ್ರಶ್ನೆಗಳೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು. ಹಲ್ಲು ಮತ್ತು ಒಸಡು ಒಂದೇ ಬಾಯಿಯಲ್ಲಿ, ಒಂದಕ್ಕೊಂದು ಅಂಟಿಕೊಂಡು ಇರುವುದರಿಂದ ಎರಡಕ್ಕೂ ಒಂದೇ ಔಷಧ, ಒಂದೇ ಆಹಾರ ಸಾಕೆಂದು ನಾವು ತಿಳಿದಿದ್ದೇವೆ. ಆದರೆ ಜೀವಸತ್ವಗಳ ಮಟ್ಟಿಗೆ ಇವೆರಡರ ಲೆಕ್ಕ ಬೇರೆ ಬೇರೆ. ಹಲ್ಲಿನ ಲೆಕ್ಕ ಬಾಲ್ಯದಲ್ಲಿಯೇ ಬಹುಪಾಲು ಮುಗಿದುಹೋಗುತ್ತದೆ. ಒಸಡಿನ ಲೆಕ್ಕ ಸಾಯುವತನಕ ದಿನವೂ ನಡೆಯುತ್ತಲೇ ಇರುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇದಿಷ್ಟನ್ನೇ.

ಮೊದಲು ಹಲ್ಲಿನ ಮಾತು. ಹಲ್ಲಿನ ಹೊರಗಿನ ಬಿಳಿಯ ಕವಚವನ್ನು ಎನಾಮೆಲ್ ಎನ್ನುತ್ತೇವೆ. ತೂಕದ ಲೆಕ್ಕದಲ್ಲಿ ಅದರ ನೂರಕ್ಕೆ 96 ಪಾಲು ಖನಿಜವೇ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಮತ್ತೊಂದಿಲ್ಲ. ಆದರೆ ಈ ಗಟ್ಟಿತನಕ್ಕೆ ತಕ್ಕ ಒಂದು ಬಡತನವೂ ಅದಕ್ಕಿದೆ. ಎನಾಮೆಲ್ ಕಟ್ಟುವ ಜೀವಕೋಶಗಳು ತಮ್ಮ ಕೆಲಸ ಮುಗಿಸಿ, ಹಲ್ಲು ಒಸಡನ್ನು ಸೀಳಿಕೊಂಡು ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ಎಲುಬು ಮುರಿದರೆ ಕೂಡಿಕೊಳ್ಳುತ್ತದೆ, ಚರ್ಮ ಹರಿದರೆ ಮಾಯುತ್ತದೆ. ಎನಾಮೆಲ್ ಚಕ್ಕೆ ಎದ್ದರೆ ಅದನ್ನು ಮತ್ತೆ ಕಟ್ಟುವ ಗೌಂಡಿ ಅಲ್ಲಿ ಉಳಿದಿರುವುದಿಲ್ಲ. ಜೊಲ್ಲಿನಲ್ಲಿರುವ ಖನಿಜ ಮತ್ತು ಪೇಸ್ಟಿನಲ್ಲಿರುವ ಫ್ಲೋರೈಡ್ ಸೇರಿ, ಇನ್ನೂ ಕುಳಿ ಬೀಳದ, ಬರೀ ಮೇಲ್ಮೈ ಮಬ್ಬಾದ ಜಾಗವನ್ನು ಒಂದಿಷ್ಟು ಗಟ್ಟಿಮಾಡಬಲ್ಲವು, ಅಷ್ಟೇ. ಹೀಗಾಗಿ ನಲವತ್ತನೆಯ ವಯಸ್ಸಿನಲ್ಲಿ ನುಂಗಿದ ಕ್ಯಾಲ್ಸಿಯಂ ಗುಳಿಗೆ ಸೊಂಟದ ಎಲುಬಿಗೆ ಉಪಯೋಗವಾದೀತು. ಹುಳುಕು ಹಲ್ಲಿನ ಕುಳಿಯನ್ನು ಮಾತ್ರ ಅದು ತುಂಬಲಾರದು.

ಹಾಗಾದರೆ ಹಲ್ಲಿಗೆ ಜೀವಸತ್ವ ಬೇಕಾದದ್ದು ಯಾವಾಗ? ಬಸಿರಿನ ನಾಲ್ಕನೆಯ ತಿಂಗಳಿಗೆ ಮಗುವಿನ ಹಾಲುಹಲ್ಲುಗಳಲ್ಲಿ ಖನಿಜ ಕೂಡತೊಡಗುತ್ತದೆ. ಕಾಯಂ ಹಲ್ಲುಗಳಲ್ಲಿ ಮೊದಲು ಹುಟ್ಟುವ ದವಡೆ ಹಲ್ಲಿನ ಕಟ್ಟೋಣ ಹೆರಿಗೆಯ ಹೊತ್ತಿಗೆ ಆರಂಭವಾಗುತ್ತದೆ. ಬಾಯಿಯ ಮುಂಭಾಗದ ದೊಡ್ಡ ಹಲ್ಲುಗಳ ಮೈ ನಾಲ್ಕು-ಐದು ವರ್ಷಕ್ಕೆ ಪೂರ್ತಿಯಾಗುತ್ತದೆ. ಕೊನೆಯ ಬುದ್ಧಿಹಲ್ಲುಗಳನ್ನು ಬಿಟ್ಟರೆ ಎಂಟು ವರ್ಷದ ಹೊತ್ತಿಗೆ ಒಸಡಿನ ಒಳಗೇ ಎಲ್ಲ ಹಲ್ಲುಗಳ ಎನಾಮೆಲ್ ಸಿದ್ಧವಾಗಿರುತ್ತದೆ. ಅಂದರೆ ಅಂಗನವಾಡಿಯ ಅಕ್ಕಂದಿರೆ, ಬಸುರಿಯರಿಂದ ಹಿಡಿದು ಆರು ವರ್ಷದ ಮಕ್ಕಳವರೆಗೆ ನಿಮ್ಮ ಕೈಗೆ ಬರುವವರ ಅವಧಿಯೂ ಹಲ್ಲು ಕಟ್ಟುವ ಅವಧಿಯೂ ಬಹುತೇಕ ಒಂದೇ. ನಮ್ಮಂಥ ದಂತವೈದ್ಯರ ಕೈಗೆ ಆ ಮಕ್ಕಳು ಬರುವುದು ಕಟ್ಟಡ ಮುಗಿದ ಮೇಲೆ.

ಈ ಅವಧಿಯಲ್ಲಿ ಮುಖ್ಯವಾದದ್ದು ವಿಟಮಿನ್ ಡಿ. ನಾವು ಉಂಡ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸಾಕಷ್ಟು ಏರಬೇಕಾದರೆ ಅದು ಬೇಕೇಬೇಕು. 1918ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮೇ ಮೆಲನ್‌ಬಿ ಎಂಬ ವಿಜ್ಞಾನಿ ನಾಯಿಮರಿಗಳ ಆಹಾರವನ್ನು ಬದಲಿಸಿ ನೋಡಿ, ಈ ಸತ್ವ ಸಿಗದ ಮರಿಗಳಲ್ಲಿ ಹಲ್ಲು ತಡವಾಗಿ ಬರುವುದನ್ನೂ ಎನಾಮೆಲ್ ತೆಳುವಾಗಿ, ಒರಟಾಗಿ ಕಟ್ಟುವುದನ್ನೂ ತೋರಿಸಿಕೊಟ್ಟರು. ಮಕ್ಕಳಲ್ಲಿಯೂ ನಾವು ಅದನ್ನೇ ಕಾಣುತ್ತೇವೆ. ಒಮ್ಮೆ ಒಂಬತ್ತು ವರ್ಷದ ಹುಡುಗಿಯೊಬ್ಬಳ ಮೇಲಿನ ಎರಡೂ ಮುಂದಿನ ಹಲ್ಲುಗಳ ಮೇಲೆ, ಒಂದೇ ಎತ್ತರದಲ್ಲಿ, ಉಗುರಿನಿಂದ ಗೀರಿದಂತೆ ಅಡ್ಡಗೆರೆ ಇತ್ತು. ಹಲ್ಲಿನ ಮೈ ಅಂಚಿನಿಂದ ಬುಡದ ಕಡೆಗೆ ಕಟ್ಟುತ್ತ ಹೋಗುವುದರಿಂದ ಗೆರೆ ಎಲ್ಲಿದೆ ಎಂಬುದನ್ನು ನೋಡಿ ಕಟ್ಟೋಣ ಯಾವಾಗ ತಡೆಯಿತೆಂದು ಅಂದಾಜು ಹೇಳಬಹುದು. "ಎರಡು ವರ್ಷದ ಸುಮಾರಿಗೆ ಈ ಹುಡುಗಿಗೆ ದೊಡ್ಡ ಜಡ್ಡೇನಾದರೂ ಬಂದಿತ್ತೇನವ್ವಾ?" ಎಂದು ಕೇಳಿದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರು ತಿಂಗಳು ಭೇದಿ ನಿಲ್ಲದೆ ಮಗು ಎಲುಬಿನ ಹಂದರವಾಗಿತ್ತೆಂದೂ, ಆಗ ಬರೀ ಗಂಜಿ ಕುಡಿಸಿದ್ದೆವೆಂದೂ ಹೇಳಿದಳು. ಮೈ ತುಂಬಿಕೊಂಡಿತ್ತು, ಎತ್ತರ ಬೆಳೆದಿತ್ತು. ಆ ಮೂರು ತಿಂಗಳನ್ನು ಹಲ್ಲು ಮಾತ್ರ ಹಾಗೆಯೇ ಬರೆದಿಟ್ಟುಕೊಂಡಿತ್ತು. ಇಂಥ ಗೆರೆ ವಿಟಮಿನ್ ಡಿ ಕೊರತೆಯೊಂದರಿಂದಲೇ ಬರುತ್ತದೆಂದಲ್ಲ, ಜೋರು ಜ್ವರದಿಂದಲೂ ಬರಬಹುದು. ಆದರೆ ದೊರಗಾದ ಆ ಜಾಗದಲ್ಲಿ ಆಹಾರ ಸಿಕ್ಕಿಕೊಂಡು ಹುಳುಕು ಬೇಗ ಹತ್ತುತ್ತದೆ ಎಂಬುದಂತೂ ನಿಜ.

ವಿಟಮಿನ್ ಡಿ ಬಹುಪಾಲು ಬರುವುದು ಊಟದಿಂದಲ್ಲ, ಮೈಮೇಲೆ ಬೀಳುವ ಬಿಸಿಲಿನಿಂದ. ಬೆಳಗಾವಿಯಲ್ಲಿ ಬಿಸಿಲಿಗೆ ಬರವೇ ಎಂದು ನೀವು ನಗಬಹುದು. ಆದರೆ ನಮ್ಮ ಕಡೆಯ ಬಾಣಂತಿಯ ಕೋಣೆಯನ್ನು ಒಮ್ಮೆ ನೆನೆಸಿಕೊಳ್ಳಿ. ಕಿಟಕಿ ಮುಚ್ಚಿ, ಕಿವಿಗೆ ಬಟ್ಟೆ ಕಟ್ಟಿ, ತಾಯಿ-ಮಗು ಇಬ್ಬರನ್ನೂ ವಾರಗಟ್ಟಲೆ ಗಾಳಿ-ಬೆಳಕಿನಿಂದ ದೂರ ಇಡುತ್ತೇವೆ. ಹುಳಿ ತಿಂದರೆ ನಂಜು, ಹಣ್ಣು ತಿಂದರೆ ಶೀತ, ಪಲ್ಲೆ ತಿಂದರೆ ಮಗುವಿಗೆ ಹೊಟ್ಟೆನೋವು ಎಂದು ತಾಯಿಯ ತಾಟಿನಿಂದ ಒಂದೊಂದನ್ನೇ ತೆಗೆಯುತ್ತೇವೆ. ಅಂಟಿನುಂಡಿ ಬಗ್ಗೆ ನನ್ನ ತಕರಾರಿಲ್ಲ. ಅದು ಒಳ್ಳೆಯ ತಿನಿಸು, ಎರಡು ಹೆಚ್ಚೇ ತಿನ್ನಲಿ. ಅದರ ಪಕ್ಕಕ್ಕೆ ಒಂದು ಹೋಳು ಲಿಂಬೆ, ಒಂದು ಹಿಡಿ ಮೆಂತ್ಯ ಪಲ್ಲೆ ಇರಬಾರದು ಎನ್ನುವುದಕ್ಕಷ್ಟೇ ನನ್ನ ತಕರಾರು. ತಾಯಿಯ ಹಾಲಿನಲ್ಲಿ ವಿಟಮಿನ್ ಡಿ ಬಹಳ ಕಡಿಮೆ ಇರುವುದರಿಂದ, ಹುಟ್ಟಿದಂದಿನಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಹನಿಗಳನ್ನು ಕೊಡಬೇಕೆಂದು ನಮ್ಮ ದೇಶದ ಮಕ್ಕಳ ತಜ್ಞರ ಸಂಘವೇ ಹೇಳಿದೆ. ಹನಿ ಕೊಡಲು ಬಂದರೆ ಬೇಡವೆನ್ನಬೇಡಿರೆಂದು ಮನೆಮನೆಗೆ ಹೋದಾಗ ಹೇಳಿ.

ಬಸಿರಿನ ಮಾತು ಬಂದಿರುವುದರಿಂದ ಇನ್ನೊಂದು. ಹೆತ್ತಷ್ಟು ಸಲ ಹಲ್ಲು ಹೋಗುತ್ತದೆ, ಮಗು ತಾಯಿಯ ಹಲ್ಲಿನಿಂದ ಸುಣ್ಣ ಎಳೆದುಕೊಳ್ಳುತ್ತದೆ ಎಂದು ಅಜ್ಜಿಯರು ಹೇಳುತ್ತಾರೆ. ಅದು ನಿಜವಲ್ಲ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಅದು ತಾಯಿಯ ಎಲುಬಿನಿಂದ ಹೋಗುತ್ತದೆಯೇ ಹೊರತು ಹಲ್ಲಿನಿಂದ ಹೋಗಲಾರದು. ಹಲ್ಲಿನ ಖನಿಜ ವಾಪಸು ರಕ್ತಕ್ಕೆ ಬರುವ ದಾರಿಯೇ ಇಲ್ಲ. ಬಸುರಿಯರ ಒಸಡು ಊದುವುದು, ರಕ್ತ ಒಸರುವುದು ಹಾರ್ಮೋನಿನ ಏರಿಕೆಯಿಂದ. ಆಗ ಹಲ್ಲಿನ ಬುಡದ ಕೊಳೆಗೆ ಒಸಡು ಬೇಗ ಕೆರಳುತ್ತದೆ. ರಕ್ತ ಬರುತ್ತದೆಂದು ಹೆದರಿ ಹಲ್ಲು ತಿಕ್ಕುವುದನ್ನೇ ಬಿಟ್ಟರೆ ಕೊಳೆ ಹೆಚ್ಚಿ ಹುಳುಕು ಹತ್ತುತ್ತದೆ. ಬಯ್ಗುಳ ಮಾತ್ರ ಹುಟ್ಟಲಿರುವ ಮಗುವಿಗೆ.

ವಿಟಮಿನ್ ಎ ಬಗ್ಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1970ರಿಂದ ದೇಶದಲ್ಲಿ ನಡೆದುಬಂದಿರುವ ಕಾರ್ಯಕ್ರಮದಂತೆ ಒಂಬತ್ತನೆಯ ತಿಂಗಳಿಗೆ ಒಂದು ಲಕ್ಷ ಯೂನಿಟ್, ಆಮೇಲೆ ಆರಾರು ತಿಂಗಳಿಗೆ ಎರಡೆರಡು ಲಕ್ಷ ಎಂದು ಐದು ವರ್ಷದವರೆಗೆ ಒಂಬತ್ತು ಸಲ ಮಕ್ಕಳಿಗೆ ಕುಡಿಸುವವರು ನೀವೇ. ಅದು ಕಣ್ಣಿಗೆ ಎಂದು ನಾವೆಲ್ಲ ಹೇಳಿಕೊಂಡು ಬಂದಿದ್ದೇವೆ. ಎನಾಮೆಲ್ ಕಟ್ಟುವ ಕೋಶಗಳೂ ಬಾಯಿಯ ಒಳಪದರವೂ ಜೊಲ್ಲಿನ ಗ್ರಂಥಿಗಳೂ ಸರಿಯಾಗಿ ಬೆಳೆಯಲು ಅದೇ ಬೇಕು ಎಂಬುದನ್ನು ಸೇರಿಸಿಕೊಳ್ಳಿ.

ಇನ್ನು ಒಸಡಿಗೆ ಬರುತ್ತೇನೆ. ಹಲ್ಲು ಎಲುಬಿನಲ್ಲಿ ಮೊಳೆ ಹೊಡೆದಂತೆ ಕೂತಿಲ್ಲ. ಬೇರಿನ ಸುತ್ತಲೂ ಸಾವಿರಾರು ಸಣ್ಣ ನಾರುಗಳು ಹಲ್ಲನ್ನು ಎಲುಬಿಗೆ ಬಿಗಿದು ತೂಗುಹಾಕಿವೆ. ಖಟಿ ರೊಟ್ಟಿಯನ್ನು ಕಟಕಟ ಕಡಿದಾಗ ಆ ಭಾರವನ್ನು ತಾಳಿಕೊಳ್ಳುವುದು ಈ ನಾರುಗಳೇ. ಅವು ಕೊಲಾಜೆನ್ ಎಂಬ ಪ್ರೋಟೀನಿನಿಂದ ಆದವು, ಮತ್ತು ದೇಹದ ಬೇರೆ ಕಡೆಯ ಕೊಲಾಜೆನ್‌ಗಿಂತ ಬಹಳ ಬೇಗ ಹಳೆಯದು ಹೋಗಿ ಹೊಸದು ಬರುವ ಜಾಗ ಇದು. ಕೊಲಾಜೆನ್ ಎಂದರೆ ಮೂರು ಎಳೆಗಳನ್ನು ಕೂಡಿಸಿ ಹೊಸೆದ ಹಗ್ಗವಿದ್ದಂತೆ. ಎಳೆಗಳು ಹುರಿಗೊಂಡು ಬಿಗಿಯಾಗಿ ನಿಲ್ಲುವಂತೆ ಹದಗೊಳಿಸುವ ಕೆಲಸ ವಿಟಮಿನ್ ಸಿ ಇಲ್ಲದೆ ಸಾಗದು. ಅದು ಸಿಗದೆ ಹೋದರೆ ದೇಹ ಹಗ್ಗ ಹೊಸೆಯುತ್ತಲೇ ಇರುತ್ತದೆ, ಆದರೆ ಹುರಿ ಬಿಚ್ಚಿಕೊಳ್ಳುತ್ತದೆ. ಸಣ್ಣ ರಕ್ತನಾಳಗಳ ಗೋಡೆ ಒಸರತೊಡಗುತ್ತದೆ, ಒಸಡು ಊದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಹಲ್ಲು ಅಲುಗಾಡುತ್ತದೆ. ನಾಯಿ, ಬೆಕ್ಕು, ಆಡು, ಎಮ್ಮೆ ಇವೆಲ್ಲ ವಿಟಮಿನ್ ಸಿಯನ್ನು ತಮ್ಮ ಮೈಯಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯ, ಮಂಗ, ಗಿನಿಯಿಲಿ, ಕೆಲವು ಬಾವಲಿಗಳಂಥ ಕೆಲವೇ ಜೀವಿಗಳಿಗೆ ಆ ಯೋಗವಿಲ್ಲ.

1747ರ ಮೇ ತಿಂಗಳಿನಲ್ಲಿ ಸಾಲಿಸ್‌ಬರಿ ಎಂಬ ಬ್ರಿಟಿಷ್ ಹಡಗಿನಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ, ವಿಟಮಿನ್ ಸಿ ಕೊರತೆಯ ಈ ರೋಗ, ಅಂದರೆ ಸ್ಕರ್ವಿ, ಹತ್ತಿ ಒಸಡು ಕೊಳೆತು ಮಲಗಿದ್ದ 12 ಜನ ನಾವಿಕರನ್ನು ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಬಗೆಯ ಔಷಧ ಕೊಟ್ಟು ನೋಡಿದ. ದಿನಕ್ಕೆ ಎರಡು ಕಿತ್ತಳೆ, ಒಂದು ಲಿಂಬೆ ತಿಂದ ಜೋಡಿಯಲ್ಲಿ ಒಬ್ಬ ಆರೇ ದಿನಕ್ಕೆ ಎದ್ದು ಕೆಲಸಕ್ಕೆ ಹೋದ. ಅದನ್ನು ಅವನು 1753ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರೂ ನೌಕಾಪಡೆ ನಾವಿಕರಿಗೆಲ್ಲ ಲಿಂಬೆರಸ ಹಂಚಲು ಆಜ್ಞೆ ಮಾಡಿದ್ದು 1795ರಲ್ಲಿ. ಫೈಲು ಮುಂದೆ ಸಾಗುವ ವೇಗ ಎಲ್ಲ ಕಾಲಕ್ಕೂ ಒಂದೇ ಎಂದು ಕಾಣುತ್ತದೆ.

ಇದು ಕಡಲಿನ ಜನರ ರೋಗ, ನಮಗೇಕೆ ಎನ್ನಬೇಡಿ. ನಮ್ಮ ಊರಿನ ಮರಾಠಾ ಲೈಟ್ ಇನ್‌ಫೆಂಟ್ರಿಯ ಹಳೆಯ ಪಲ್ಟಣಗಳು ಮೊದಲನೆಯ ಮಹಾಯುದ್ಧದಲ್ಲಿ ಇಂದಿನ ಇರಾಕಿನ ಕೂಟ್ ಎಂಬ ಊರಿನಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದ್ದವು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ ಕೊನೆಯವರೆಗೆ ನಡೆದ ಆ ಮುತ್ತಿಗೆಯಲ್ಲಿ, ಒಂದೇ ಕೋಟೆಯಲ್ಲಿದ್ದ ಎರಡು ಬಗೆಯ ಸಿಪಾಯಿಗಳಿಗೆ ಎರಡು ಬೇರೆ ಬೇರೆ ರೋಗಗಳು ಬಂದವು. ಬಿಳಿ ಹಿಟ್ಟಿನ ಬ್ರೆಡ್ ತಿಂದ ಬ್ರಿಟಿಷರಿಗೆ ಬಿ-1 ಕೊರತೆಯ ಬೆರಿಬೆರಿ. ಗೋದಿ ರೊಟ್ಟಿ ಮತ್ತು ಬೇಳೆ ತಿಂದು, ಕುದುರೆ ಮಾಂಸವನ್ನು ಒಲ್ಲೆನೆಂದ ಭಾರತೀಯರಿಗೆ ಸ್ಕರ್ವಿ. ಹಸಿರು ಪಲ್ಲೆ ಸಿಗದ ಜಾಗದಲ್ಲಿ ತಾಜಾ ಮಾಂಸದಲ್ಲಿದ್ದ ಅಲ್ಪಸ್ವಲ್ಪ ವಿಟಮಿನ್ ಸಿ ಬ್ರಿಟಿಷರ ಒಸಡನ್ನು ಉಳಿಸಿತ್ತು. ರೊಟ್ಟಿ-ಬೇಳೆ ಹೊಟ್ಟೆ ತುಂಬಿಸುತ್ತದೆ, ಬಲ ಕೊಡುತ್ತದೆ, ಆದರೆ ಒಣ ಕಾಳಿನಲ್ಲಿ ವಿಟಮಿನ್ ಸಿ ಇಲ್ಲ ಎಂದೇ ಹೇಳಬಹುದು. ಅದೇ ಕಾಳನ್ನು ನೆನೆಹಾಕಿ ಮೊಳಕೆ ಬರಿಸಿದರೆ ಅದರಲ್ಲಿ ವಿಟಮಿನ್ ಸಿ ಹುಟ್ಟುತ್ತದೆ. ಲಂಡನ್ನಿನಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಂಗಡಿಗರು ಗಿನಿಯಿಲಿಗಳ ಮೇಲೆ ಇದನ್ನು ಪರೀಕ್ಷಿಸಿ, ಇರಾಕಿನಲ್ಲಿದ್ದ ಸಿಪಾಯಿಗಳಿಗೆ ಮೊಳಕೆಕಾಳು ಕೊಡಬೇಕೆಂದು ಆ ಯುದ್ಧದ ಕಾಲದಲ್ಲಿಯೇ ಸಲಹೆ ಮಾಡಿದರು. ಮಡಕಿಕಾಳಿನ ಉಸುಳಿ ಮಾಡುವ ನಮ್ಮ ಹೆಣ್ಣುಮಕ್ಕಳಿಗೆ ಲಂಡನ್ನಿನಿಂದ ಹೇಳಿಸಿಕೊಳ್ಳುವ ಅಗತ್ಯ ಇರಲಿಲ್ಲ. ಆದರೂ ಅದನ್ನು ತೀರಾ ಬೇಯಿಸಬೇಡಿರೆಂದು ನಾನು ಹೇಳಬೇಕು.

ಈಗ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಅರವತ್ತು ದಾಟಿದ ನಿವೃತ್ತ ಗುಮಾಸ್ತರೊಬ್ಬರು ಒಸಡಿನ ಬಾವು ತೋರಿಸಲು ಬಂದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳು ಪುಣೆಯಲ್ಲಿದ್ದರು. ಹಲ್ಲಿನ ಬುಡದಲ್ಲಿ ಕಿಟ್ಟ ಕಟ್ಟಿತ್ತು. ನಾನು ಅದನ್ನು ತೆಗೆದು, ಬಾಯಿ ಮುಕ್ಕಳಿಸುವ ಔಷಧ ಬರೆದು ಕಳಿಸಿದೆ. ಎರಡು ವಾರದ ಮೇಲೆ ಬಂದಾಗ ಒಸಡು ಇಳಿಯುವುದಿರಲಿ, ಹಲ್ಲುಗಳ ನಡುವೆ ನೇರಳೆ ಹಣ್ಣು ಸಿಕ್ಕಿಸಿದಂತೆ ಉಬ್ಬಿತ್ತು, ಮುಟ್ಟಿದರೆ ರಕ್ತ. ಬೇರೆ ಗುಳಿಗೆ ಬರೆಯಲು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಅವರು ಪಾಯಜಾಮ ಎತ್ತಿ ಮೊಣಕಾಲಿನ ಕೆಳಗೆ ತುರಿಸಿಕೊಂಡರು. ಅಲ್ಲಿ ಕೂದಲ ಬುಡಕ್ಕೊಂದೊಂದು ಕೆಂಪು ಚುಕ್ಕೆ ಇತ್ತು. ಕೂದಲು ಸ್ಪ್ರಿಂಗಿನಂತೆ ಸುರುಳಿಯಾಗಿದ್ದವು. ಆಗ ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: "ಊಟಕ್ಕ ಏನ್ ಮಾಡ್ಕೋತೀರಿ?" ಬೆಳಿಗ್ಗೆ ಚಹಾ ಮತ್ತು ಖಾರಿ, ಮಧ್ಯಾಹ್ನ ಬ್ರೆಡ್ಡು, ರಾತ್ರಿ ಅನ್ನ-ಹಾಲು. ಪಿತ್ತವೆಂದು ಹುಳಿಯನ್ನೂ, ಹಲ್ಲು ನೋವೆಂದು ಪಲ್ಲೆಯನ್ನೂ ಬಿಟ್ಟು ಐದಾರು ತಿಂಗಳಾಗಿತ್ತು. ಫಿಜಿಷಿಯನ್ ಗೆಳೆಯರೊಬ್ಬರ ಕಡೆಗೆ ಕಳಿಸಿದೆ. ವಿಟಮಿನ್ ಸಿ ಆರಂಭಿಸಿದ ಒಂದು ವಾರಕ್ಕೆ ರಕ್ತ ನಿಂತಿತು, ತಿಂಗಳೊಪ್ಪತ್ತಿಗೆ ಒಸಡು ಹಲ್ಲಿಗೆ ಅಂಟಿ ಕೂತಿತು. ಪುಸ್ತಕದಲ್ಲಿ ಓದಿದ ಸ್ಕರ್ವಿ ನನ್ನ ಕುರ್ಚಿಯ ಮೇಲೆಯೇ ಎರಡು ಸಲ ಕೂತರೂ ಮೊದಲ ಸಲ ನಾನು ಗುರುತಿಸಲಿಲ್ಲ.

ಹಾಗೆಂದ ಮಾತ್ರಕ್ಕೆ ಒಸಡಿನ ರಕ್ತವೆಲ್ಲ ಸ್ಕರ್ವಿ ಅಲ್ಲ. ಅಂಥವರು ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಕೊಳೆಯಿಂದ ರಕ್ತ ಬರುವವರು ದಿನವೂ ಬರುತ್ತಾರೆ. 1965ರಲ್ಲಿ ಡೆನ್ಮಾರ್ಕಿನ ಆರ್‌ಹೂಸ್ ಎಂಬಲ್ಲಿ ಹಾರಾಲ್ಡ್ ಲ್ಯೋ ಎಂಬ ದಂತವಿಜ್ಞಾನಿ, ಆರೋಗ್ಯವಂತರಾದ 12 ಜನರಿಗೆ ಹಲ್ಲು ತಿಕ್ಕುವುದನ್ನು ಪೂರ್ತಿ ನಿಲ್ಲಿಸಿರೆಂದು ಹೇಳಿದರು. ಇಲ್ಲಿಯೂ ಸಂಖ್ಯೆ ಹನ್ನೆರಡೇ ಆದದ್ದು ಕಾಕತಾಳೀಯ. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ಒಸಡೂ ಕೆಂಪಾಗಿ ಊದಿತು. ಮತ್ತೆ ತಿಕ್ಕಲು ಶುರುಮಾಡಿದ ಒಂದು ವಾರದ ಸುಮಾರಿಗೆ ಎಲ್ಲರದೂ ಸರಿಯಾಯಿತು. ಅವರ ಊಟದಲ್ಲಿ ಯಾವ ಬದಲಾವಣೆಯನ್ನೂ ಮಾಡಿರಲಿಲ್ಲ. ಇದಕ್ಕೆ ತಿರುವುಮುರುವಾದ ಪ್ರಯೋಗವೊಂದನ್ನು ಅಮೆರಿಕದ ಸರ್ಜನ್ ಜಾನ್ ಕ್ರ್ಯಾಂಡನ್ ತಮ್ಮ ಮೈಮೇಲೆಯೇ ಮಾಡಿಕೊಂಡು 1940ರಲ್ಲಿ ಪ್ರಕಟಿಸಿದರು. ಅವರು ಆರು ತಿಂಗಳು ವಿಟಮಿನ್ ಸಿ ಇಲ್ಲದ ಊಟ ಮಾಡಿದರು. ಮೂರನೆಯ ತಿಂಗಳಲ್ಲಿ ಬೆನ್ನಿನ ಮೇಲೆ ಮಾಡಿಸಿಕೊಂಡ ಗಾಯ ಮಾಯಿತು, ಆರನೆಯ ತಿಂಗಳಲ್ಲಿ ಮಾಡಿಸಿಕೊಂಡದ್ದು ಮಾಯಲಿಲ್ಲ. ಆದರೆ ಅವರ ಒಸಡು ಮಾತ್ರ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಹಲ್ಲೇ ಇಲ್ಲದ ಬೊಚ್ಚುಬಾಯಿಯವರಿಗೆ ಸ್ಕರ್ವಿ ಬಂದರೂ ಒಸಡು ಊದುವುದಿಲ್ಲ. ನನ್ನ ತಿಳಿವಳಿಕೆಯಲ್ಲಿ ಇವೆಲ್ಲ ಹೇಳುವುದು ಒಂದೇ: ಬೆಂಕಿ ಹಚ್ಚುವುದು ಹಲ್ಲಿನ ಕೊಳೆ, ಅದನ್ನು ಆರಿಸಿ ಸುಟ್ಟ ಗೋಡೆಯನ್ನು ಮತ್ತೆ ಕಟ್ಟುವ ಶಕ್ತಿ ವಿಟಮಿನ್‌ನಿಂದ ಬರುತ್ತದೆ. ಕಿಟ್ಟವನ್ನು ಯಾವ ಗುಳಿಗೆಯೂ ಕರಗಿಸದು. ತಿಂಗಳುಗಟ್ಟಲೆ ಗುಳಿಗೆ ನುಂಗಿದರೂ ರಕ್ತ ನಿಲ್ಲದ ಆ ರೋಗಿಗಳಿಗೆ ಬೇಕಾಗಿದ್ದದ್ದು ಹಲ್ಲು ಶುಚಿಮಾಡಿಸಿಕೊಳ್ಳುವುದು.

ದಿನಕ್ಕೆ ವಿಟಮಿನ್ ಸಿ ಎಷ್ಟು ಬೇಕು? ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಎಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನೂರು ಗ್ರಾಂ ಪೇರಲ ಹಣ್ಣಿನಲ್ಲಿ ಇನ್ನೂರು ಮಿಲಿಗ್ರಾಂಗಿಂತ ಹೆಚ್ಚು ಇರುತ್ತದೆ. ಅಂದರೆ ಅರ್ಧ ಪೇರಲ ಒಬ್ಬರ ದಿನದ ಲೆಕ್ಕವನ್ನು ತೀರಿಸುತ್ತದೆ. ನೆಲ್ಲಿಕಾಯಿ ಅದಕ್ಕೂ ಮೇಲು. ಇದಕ್ಕಾಗಿ ದುಬಾರಿ ಕಿವಿ ಹಣ್ಣು ಕೊಳ್ಳುವವರನ್ನು ಕಂಡರೆ ನನಗೆ ಕನಿಕರವೆನಿಸುತ್ತದೆ. ವಿಟಮಿನ್ ಸಿ ನೀರಿನಲ್ಲಿ ಕರಗುತ್ತದೆ, ಕುದಿಸಿದರೆ ಹಾಳಾಗುತ್ತದೆ. ಆದ್ದರಿಂದ ಹಸಿಯಾಗಿ ತಿನ್ನುವುದೇ ಅದಕ್ಕೆ ಮೇಲು. ಹೊಲದಲ್ಲಿ ರೊಟ್ಟಿಯ ಜೊತೆಗೆ ಹಕ್ಕರಕಿ, ಮೆಂತ್ಯ, ಮೂಲಂಗಿ ಸೊಪ್ಪು, ಉಳ್ಳಾಗಡ್ಡಿ ತಪ್ಪಲನ್ನು ಹಸಿಯಾಗಿ ಕಡಿದುಕೊಂಡು ಉಣ್ಣುವ ರೂಢಿ ನಮ್ಮ ಸೀಮೆಯದು. ಪಟ್ಟಣಕ್ಕೆ ಬಂದ ಮೇಲೆ ಮೊದಲು ಬಿಟ್ಟದ್ದು ಆ ಹಸಿ ತಪ್ಪಲನ್ನೇ. ತೊಳೆಯುವಾಗ ಮಾತ್ರ ಎರಡು-ಮೂರು ನೀರಿನಲ್ಲಿ ತೊಳೆಯಿರಿ. ಸಾರು-ಪಲ್ಲೆಗೆ ಲಿಂಬೆ ಹಿಂಡುವುದಿದ್ದರೆ ಒಲೆಯ ಮೇಲಿಂದ ಇಳಿಸಿದ ಮೇಲೆ ಹಿಂಡಿ.

ಲಿಂಬೆಯನ್ನು ಹೊಗಳಿದ ಬಾಯಿಯಿಂದಲೇ ಒಂದು ಎಚ್ಚರವನ್ನೂ ಹೇಳಬೇಕು. ಹುಳಿಯನ್ನು ಪಿಎಚ್ ಎಂಬ ಅಂಕಿಯಿಂದ ಅಳೆಯುತ್ತೇವೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಲಿಂಬೆರಸದ್ದು ಎರಡರ ಆಸುಪಾಸು. ಉಪ್ಪು ಸವರಿದ ಲಿಂಬೆ ಹೋಳಿನಿಂದ ಹಲ್ಲು ತಿಕ್ಕಿದರೆ ಬೆಳ್ಳಗಾಗುತ್ತದೆ ಎಂಬ ಉಪಾಯವನ್ನು ಮೊಬೈಲಿನಲ್ಲಿ ನೋಡಿ ಮಾಡಿಕೊಂಡು, ತಣ್ಣೀರು ತಾಕಿದರೂ ಜುಮ್ಮೆನ್ನುವ ಹಲ್ಲಿನೊಂದಿಗೆ ಬರುವ ಹುಡುಗ-ಹುಡುಗಿಯರು ಹೆಚ್ಚುತ್ತಿದ್ದಾರೆ. ವಿಟಮಿನ್ ಸಿಯ ಚೀಪುವ ಗುಳಿಗೆಯನ್ನು ದವಡೆಯ ಸಂದಿಯಲ್ಲಿಟ್ಟುಕೊಂಡು ಪೆಪ್ಪರಮಿಂಟಿನಂತೆ ಚೀಪುವುದೂ ಅಷ್ಟೇ ಕೆಟ್ಟದ್ದು. ಹುಳಿ ತಿಂದ ಮೇಲೆ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಬ್ರಷ್ ಹಿಡಿಯಿರಿ. ಮೆತ್ತಗಾದ ಮೇಲ್ಮೈ ಒರಸಿ ಹೋಗದಿರಲಿ.

ಬಿ ಗುಂಪಿನ ಕೊರತೆ ಹಲ್ಲಿಗಿಂತ ನಾಲಿಗೆಯ ಮೇಲೆ ಹೆಚ್ಚು ಕಾಣುತ್ತದೆ. "ಚಟ್ನಿ ಹಚ್ಕೊಂಡ್ರ ಬಾಯಿ ಉರೀತದ್ರಿ, ಮೊದಲ ಹಿಂಗ ಇರ್ಲಿಲ್ಲ" ಎಂದು ನಮ್ಮ ಕಡೆಯ ಮನುಷ್ಯನೊಬ್ಬ ಹೇಳಿದರೆ ನಾನು ಮೊದಲು ನಾಲಿಗೆ ಹೊರಚಾಚಲು ಹೇಳುತ್ತೇನೆ. ಮೇಲಿನ ಮುಳ್ಳುಗಳೆಲ್ಲ ಸವೆದು, ನಾಲಿಗೆ ಕೆಂಪಗೆ, ಕನ್ನಡಿಯಂತೆ ನುಣ್ಣಗಿದ್ದರೆ ಬಿ-12 ಅಥವಾ ಕಬ್ಬಿಣದ ಸತ್ವದ ಪರೀಕ್ಷೆ ಮಾಡಿಸಬೇಕು. ಬಿ-12 ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ಇರುವುದರಿಂದ ಶಾಖಾಹಾರಿಗಳಿಗೆ ಹಾಲು-ಮೊಸರೇ ಗತಿ. ಹಾಲನ್ನು ಡೇರಿಗೆ ಹಾಕಿ ಮನೆಯಲ್ಲಿ ಕರಿ ಚಹಾ ಕುಡಿಯುವವರಿಗೆ ಅದೂ ಇಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಾನುಗಟ್ಟಲೆ ತೆಗೆದುಕೊಳ್ಳುವವರಲ್ಲಿಯೂ ಬಿ-12 ಇಳಿಯುತ್ತದೆ. ಬಾಯಿಯ ಎರಡೂ ಕೊನೆಗಳು ಸೀಳಿದರೆ ರೈಬೋಫ್ಲೇವಿನ್, ಅಂದರೆ ಬಿ-2, ಕೊರತೆ ಎನ್ನುವುದು ರೂಢಿ; ಹಲ್ಲಿನ ಸೆಟ್ ಹಳೆಯದಾಗಿ ತುಟಿ ಒಳಗೆ ಮಡಿಚಿಕೊಂಡರೂ ಹಾಗೆ ಸೀಳುತ್ತದೆ. ಜೋಳದ ಬಗ್ಗೆಯೂ ಒಂದು ಮಾತು: 1960ರ ಸುಮಾರಿಗೆ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು, ದಖನ್ನಿನ ಬಡವರಲ್ಲಿ ಕಾಣುತ್ತಿದ್ದ, ಬಿ ಗುಂಪಿನ ನಯಾಸಿನ್ ಕೊರತೆಯ ಪೆಲಾಗ್ರಾ ರೋಗಕ್ಕೂ ಜೋಳವೊಂದನ್ನೇ ಉಣ್ಣುವುದಕ್ಕೂ ನಂಟಿದೆಯೆಂದು ಗುರುತಿಸಿದರು. ಬಾಯಿ ಹುಣ್ಣಾಗಿ ನಾಲಿಗೆ ಕೆಂಡದಂತಾಗುವುದು ಅದರ ಒಂದು ಲಕ್ಷಣ. ಹಾಗೆಂದು ರೊಟ್ಟಿ ಬಿಡಬೇಕಾಗಿಲ್ಲ. ರೊಟ್ಟಿಯ ಜೊತೆಗೆ ಕಾಳು, ಶೇಂಗಾ ಹಿಂಡಿ, ಮೊಸರು ಇದ್ದ ಮನೆಗೆ ಆ ರೋಗ ಬಂದದ್ದಿಲ್ಲ. ವಿಟಮಿನ್ ಕೆ ಕಡಿಮೆಯಾದರೆ ರಕ್ತ ಹೆಪ್ಪುಗಟ್ಟದು. ಅದು ಸಾಮಾನ್ಯರಲ್ಲಿ ಅಪರೂಪ, ಯಕೃತ್ತಿನ ರೋಗಿಗಳ ಮತ್ತು ರಕ್ತ ತೆಳುಮಾಡುವ ಗುಳಿಗೆ ನುಂಗುವವರ ಮಾತು. ವಿಟಮಿನ್ ಇ ಬಗ್ಗೆ ಹಲ್ಲಿನ ಮಟ್ಟಿಗೆ ಹೇಳುವಂಥದ್ದೇನೂ ಇಲ್ಲ.

ಅತಿಯಾದರೆ ಹೇಗೆ? ಸಿ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ತೀರಾ ಹೆಚ್ಚಾದರೆ ಭೇದಿಯಾಗುತ್ತದೆ. ಎ ಮತ್ತು ಡಿ ಹಾಗಲ್ಲ, ಮೈಯಲ್ಲಿ ಉಳಿಯುತ್ತವೆ. ವಾರಕ್ಕೊಂದರಂತೆ ಬರೆದುಕೊಟ್ಟ 60,000 ಯೂನಿಟ್‌ನ ಡಿ ಪುಡಿಯನ್ನು ದಿನಾಲು ಹಾಲಿಗೆ ಹಾಕಿಕೊಂಡು ಕುಡಿದವರನ್ನು ನಾನು ನೋಡಿದ್ದೇನೆ. ಬಸುರಿಯರು ವೈದ್ಯರು ಹೇಳದೆ ವಿಟಮಿನ್ ಎ ಗುಳಿಗೆಯನ್ನು ಮುಟ್ಟಲೇಬಾರದು, ಅದು ಹೊಟ್ಟೆಯಲ್ಲಿನ ಕೂಸಿಗೆ ಕೇಡು.

ಇನ್ನು ಪ್ರಶ್ನೆಗಳು.

ಒಬ್ಬ ಅಂಗನವಾಡಿ ಅಕ್ಕ ಕೇಳಿದರು: ಎರಡೂವರೆ ವರ್ಷದ ಮಗುವಿನ ಮೇಲಿನ ಮುಂದಿನ ಹಲ್ಲುಗಳೆಲ್ಲ ಕಪ್ಪು ಮೋಟುಗಳಾಗಿವೆ, ಇದು ವಿಟಮಿನ್ ಕೊರತೆಯೇ? ಹೆಚ್ಚಾಗಿ ಅಲ್ಲ. ರಾತ್ರಿ ಮಗುವಿನ ಬಾಯಿಯಲ್ಲಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಇಟ್ಟು ಮಲಗಿಸುತ್ತಾರೆಯೇ ಎಂದು ಕೇಳಿ ನೋಡಿ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಮುಚ್ಚಿಕೊಳ್ಳುವುದರಿಂದ ಅವು ಉಳಿದಿರುತ್ತವೆ, ಗುರುತು ಅದೇ. ಸಕ್ಕರೆಯ ಬದಲು ಬೆಲ್ಲ ಹಾಕುತ್ತೇವೆ ಎನ್ನುತ್ತಾರೆ. ಹಲ್ಲಿನ ಸೂಕ್ಷ್ಮಜೀವಿಗಳಿಗೆ ಎರಡೂ ಒಂದೇ.

ಬಾಗಲಕೋಟೆ ಕಡೆಯಿಂದ ಬಂದ ಶಿಕ್ಷಕರೊಬ್ಬರು, ತಮ್ಮ ಊರಿನ ಮಕ್ಕಳ ಹಲ್ಲುಗಳ ಮೇಲಿನ ಹಳದಿ-ಕಂದು ಪಟ್ಟೆಗಳಿಗೆ ಯಾವ ವಿಟಮಿನ್ ಕೊಡಬೇಕೆಂದು ಕೇಳಿದರು. ಅದು ಕೊರತೆಯಿಂದ ಆದದ್ದಲ್ಲ, ಹೆಚ್ಚಾದದ್ದರಿಂದ ಆದದ್ದು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಇದೆ. ಲೀಟರಿಗೆ ಒಂದು ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ ಒಂದೂವರೆಯವರೆಗೆ ನಡೆಯುತ್ತದೆ. ಅದನ್ನು ದಾಟಿದ ನೀರನ್ನು ಹಲ್ಲು ಕಟ್ಟುವ ವಯಸ್ಸಿನ ಮಕ್ಕಳು ಕುಡಿದರೆ ಪಟ್ಟೆ ಬೀಳುತ್ತದೆ. ಎಂಟು ವರ್ಷದೊಳಗಿನ ತಮ್ಮ-ತಂಗಿಯರಿಗೆ ಬೇರೆ ನೀರಿನ ವ್ಯವಸ್ಥೆ ಮಾಡಬೇಕು. ದೊಡ್ಡ ಮಕ್ಕಳ ಕಲೆಯನ್ನು ಮರೆಮಾಡಲು ನಮ್ಮಲ್ಲಿ ಉಪಾಯಗಳಿವೆ, ಗುಳಿಗೆಯಲ್ಲಿ ಇಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ನಿಪ್ಪಾಣಿ ಸೀಮೆಯವರು, ತಂಬಾಕು ಬೆಳೆಯುವ ಮನೆತನದವರು. ಮೂವತ್ತು ವರ್ಷದಿಂದ ಬೀಡಿ ಸೇದುತ್ತಿದ್ದೇನೆ, ಒಂದು ದಿನವೂ ಒಸಡಿನಿಂದ ರಕ್ತ ಬಂದಿಲ್ಲ, ಅಂದಮೇಲೆ ನನ್ನ ಒಸಡು ಗಟ್ಟಿಯಲ್ಲವೇ ಎಂದರು. ಸಭೆ ನಕ್ಕಿತು. ಆದರೆ ಅದು ಒಳ್ಳೆಯ ಪ್ರಶ್ನೆಯೇ. ಹೊಗೆ ಸೇದುವವರಲ್ಲಿ ವಿಟಮಿನ್ ಸಿ ಬೇಗ ಖರ್ಚಾಗುತ್ತದೆ. ಅವರು ದಿನಕ್ಕೆ 35 ಮಿಲಿಗ್ರಾಂ ಹೆಚ್ಚಿಗೆ ತೆಗೆದುಕೊಳ್ಳಬೇಕೆಂದು ಅಮೆರಿಕದ ತಜ್ಞರು ಲೆಕ್ಕ ಹಾಕಿದ್ದಾರೆ. ಅದರ ಜೊತೆಗೆ ಹೊಗೆಯು ಒಸಡಿನ ರಕ್ತದ ಹರಿವನ್ನೇ ಅಡಗಿಸುವುದರಿಂದ, ಒಳಗೆ ಎಲುಬು ಕರಗುತ್ತಿದ್ದರೂ ಹೊರಗೆ ರಕ್ತ ಕಾಣುವುದಿಲ್ಲ. ಬೀಡಿ ಬಿಟ್ಟ ಕೆಲವರು ಒಮ್ಮೆಲೆ ರಕ್ತ ಬರತೊಡಗಿತೆಂದು ಗಾಬರಿಯಾಗುವುದೂ ಇದೇ ಕಾರಣಕ್ಕೆ. ನಾಳೆ ಬನ್ನಿ, ನೋಡೋಣ ಎಂದೆ. ಅವರು ಬಂದರು. ಒಸಡು ಮತ್ತು ಹಲ್ಲಿನ ನಡುವಿನ ಸಂದನ್ನು ಅಳೆಯಲು ನಮ್ಮಲ್ಲಿ ಮಿಲಿಮೀಟರ್ ಗೆರೆಗಳಿರುವ ಮೊಂಡು ತುದಿಯ ಕಡ್ಡಿ ಇರುತ್ತದೆ. ಮೂರರವರೆಗೆ ಇಳಿದರೆ ಸರಿ. ಅವರ ಮೇಲಿನ ದವಡೆಯ ಹಲ್ಲಿನ ಪಕ್ಕದಲ್ಲಿ ಅದು ಏಳರ ಗೆರೆಯವರೆಗೆ ಇಳಿಯಿತು. ಒಂದು ಹನಿ ರಕ್ತವೂ ಬರಲಿಲ್ಲ.